ಇಸ್ತ್ರಿ ಅಕ್ಕ ಸಭೆಯಲ್ಲಿ ನಿದ್ದೆ ಹೋದದ್ದು

ಬಸ್ಸುಗಳು ತಿರುಗುವ ಮೂಲೆಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ, ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಒಂದು ಅಂಗಡಿಯಿತ್ತು. ಅದನ್ನು ನಡೆಸುತ್ತಿದ್ದವಳಿಗೆ ಹೆತ್ತವರು ಇಟ್ಟ ಹೆಸರು ಇರಲೇಬೇಕು. ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಕಾಲೇಜು ಹುಡುಗಿಯರಿಂದ ಹಿಡಿದು ಕೋಲೂರಿಕೊಂಡು ಬರುವ ಮುದುಕರ ತನಕ ಎಲ್ಲರಿಗೂ ಅವಳು ಇಸ್ತ್ರಿ ಅಕ್ಕ. ಬೆಳಗ್ಗೆ ಬಾಗಿಲು ತೆಗೆದರೆ ಶುರು: ನೀರು ಚಿಮುಕಿಸು, ಕಾಲರ್ ತೀಡು, ತೋಳು ತಿರುವು, ಮಡಿಚು, ಹೆಸರಿನ ಚೀಟಿ ಚುಚ್ಚು. ಮಧ್ಯಾಹ್ನದ ಹೊತ್ತಿಗೆ ಬಲಗೈ ತನ್ನದೇ ಅಲ್ಲವೇನೋ ಅನ್ನಿಸುತ್ತಿತ್ತು. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲೇ ಮನೆ. ಅಲ್ಲಿ ಅವಳ ಅತ್ತೆ. ಸೊಂಟದ ಮೂಳೆ ಮುರಿದ ಮೇಲೆ ಗಾಲಿ ಕುರ್ಚಿ ಹಿಡಿದ ಮುದುಕಿ. ಕಾಲು ಸೋತಿತ್ತು, ನಾಲಿಗೆ ಸೋತಿರಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ದಿನ ನೂಕಬಹುದಿತ್ತು. ಇದರ ಮೇಲೆ ಸೇವಾ ಸಂಘ ಬೇರೆ.

ಸಂಘಕ್ಕೆ ಸೇರಿದ್ದು ಅವಳಲ್ಲ, ಅವಳ ಗಂಡ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಆತ ಬಹಳ ವರ್ಷ ಅದರ ಕಾರ್ಯದರ್ಶಿಯಾಗಿದ್ದ. ರಕ್ತದಾನ ಏರ್ಪಡಿಸುವುದು, ಹಳೆಯ ಕನ್ನಡಕ ಕೂಡಿಸಿ ಇಲ್ಲದವರಿಗೆ ಹಂಚುವುದು, ಆಸ್ಪತ್ರೆಯ ಹೊರಗೆ ಕಾಯುವವರಿಗೆ ಬೆಂಚು ಹಾಕಿಸುವುದು, ಇಂಥ ಕೆಲಸದ ಸಂಘ ಅದು. ಎರಡು ವಾರಕ್ಕೊಮ್ಮೆ ಗುರುವಾರ ಸಂಜೆ ಸಭೆ; ಸಭೆಗೊಬ್ಬ ಅತಿಥಿ, ಅತಿಥಿಯದೊಂದು ಭಾಷಣ, ಆಮೇಲೆ ಚಹಾ. ಬೇಸಿಗೆಗೊಂದು ಹೊರಸಂಚಾರ, ವರ್ಷದ ಕೊನೆಗೊಂದು ಊಟ. ಒಂದು ದಿನ ಡಿಪೋದಲ್ಲಿ ಎದೆನೋವೆಂದು ಕೂತ ಗಂಡ ಮತ್ತೆ ಏಳಲಿಲ್ಲ. ಸಂಘದವರೆಲ್ಲ ಬಂದು ಕಣ್ಣೊರೆಸಿಕೊಂಡು ಹೋದರು. ಮುಂದಿನ ವಾರ ಅಧ್ಯಕ್ಷರು ಒಬ್ಬರೇ ಮತ್ತೆ ಬಂದರು.

"ನೋಡಮ್ಮ, ಬೇರೆಯವರು ಸಿಗೋ ತನಕ ನೀನೇ ಒಂಚೂರು ನೋಡ್ಕೋ. ಅವನಿಗೂ ಅದೇ ಇಷ್ಟ ಇರ್ತಿತ್ತು" ಎಂದರು.

ಸತ್ತವನ ಇಷ್ಟ ಏನೆಂದು ಕೇಳಿಕೊಂಡು ಬರುವುದು ಎಲ್ಲಿಂದ? ಅವಳು ತಲೆಯಾಡಿಸಿದಳು. ಆ "ಒಂಚೂರು" ಆರು ವರ್ಷ ಎಳೆಯಿತು. ಬೇರೆಯವರು ಸಿಗಲಿಲ್ಲ, ಸಿಗಲಿ ಎಂದು ಯಾರೂ ಹುಡುಕಲೂ ಇಲ್ಲ. ಹೊತ್ತವರಿಗೇ ಗೊತ್ತು ಹೆಣಭಾರ ಅನ್ನುತ್ತಾರಲ್ಲ, ಹಾಗೆ. ಸಭಾಂಗಣದ ಬೀಗ ತೆಗೆಯುವವಳು ಅವಳು, ಕುರ್ಚಿ ಹಾಕುವವಳು ಅವಳು, ಅತಿಥಿಯನ್ನು ಕರೆತಂದು ವಂದನೆ ಹೇಳಿ ಲೋಟ ತೊಳೆಯುವವಳೂ ಅವಳೇ. ಸದಸ್ಯರು ಬರುತ್ತಿದ್ದರು, ಕೂರುತ್ತಿದ್ದರು, "ಚೆನ್ನಾಗಿತ್ತು ಅಕ್ಕ" ಎಂದು ಹೋಗುತ್ತಿದ್ದರು. ಅವರೂ ವರ್ಷದಿಂದ ವರ್ಷಕ್ಕೆ ಕರಗುತ್ತ ಬಂದು, ಈಗ ಒಂದು ಮೇಜಿನ ಸುತ್ತ ಹಿಡಿಸುವಷ್ಟು ಉಳಿದಿದ್ದರು.

ಅತಿಥಿಗಳೂ ಮುಗಿದಿದ್ದರು. ಒಂದು ಸಣ್ಣ ಊರಿನಲ್ಲಿ ಭಾಷಣ ಮಾಡಬಲ್ಲವರು ಎಷ್ಟು ಮಂದಿ ಇದ್ದಾರು? ಹಲ್ಲಿನ ಡಾಕ್ಟರು ಎರಡು ಸಲ ಬಂದಿದ್ದರು. ಎರಡನೇ ಸಲವೂ ಅದೇ ನಗೆಹನಿ ಹೇಳಿದಾಗ ಜನ ಮರ್ಯಾದೆಗೆ ನಕ್ಕರು. ಅಗ್ನಿಶಾಮಕ ದಳದ ಅಧಿಕಾರಿ ಅರ್ಧ ಭಾಷಣಕ್ಕೇ ಫೋನು ಬಂದು ಎದ್ದು ಓಡಿದ್ದ. ಜೇನು ಸಾಕುವವನೊಬ್ಬ ಬಂದು, ನಾಚಿಕೆಯಿಂದ ಬಾಯೇ ಬಿಡದೆ, ಎಲ್ಲರಿಗೂ ಜೇನು ನೆಕ್ಕಿಸಿ ಹೋಗಿದ್ದ. ಅದೇ ಒಳ್ಳೆಯ ಸಭೆ ಎಂದು ಅತ್ತೆ ಇವತ್ತಿಗೂ ಹೇಳುತ್ತಿದ್ದಳು. ಸೊಸೆ ತಂದ ಸುದ್ದಿ ಕೇಳಿದ್ದು ಬಿಟ್ಟರೆ ಅವಳು ಯಾವ ಸಭೆಯನ್ನೂ ಕಂಡವಳಲ್ಲ.

ಹೀಗಿರುವಾಗ ಅಧ್ಯಕ್ಷರು ಒಂದು ಬೆಳಗ್ಗೆ ಪ್ಯಾಂಟಿನ ಗಂಟು ಹಿಡಿದು ಅಂಗಡಿಗೆ ಬಂದರು. ಮೊಳೆ, ಬಣ್ಣ, ಪೈಪು ಮಾರುವ ದೊಡ್ಡ ಅಂಗಡಿಯ ಯಜಮಾನರು, ಒಳ್ಳೆಯ ಮನುಷ್ಯರೇ. "ಒಂದೆರಡು ಮಾತು" ಎಂದು ಶುರು ಮಾಡಿದರೆ ಮಾತ್ರ ಚಹಾ ಆರಿ ನೀರಾಗುವ ತನಕ ನಿಲ್ಲಿಸುತ್ತಿರಲಿಲ್ಲ. ಬೆನ್ನ ಹಿಂದೆ ಅವರಿಗೆ ಒಂದೆರಡು ಮಾತಪ್ಪ ಎಂದೇ ಹೆಸರು.

"ಈ ಸಲ ದೊಡ್ಡ ಮನುಷ್ಯರನ್ನ ಕರೆಸಬೇಕು ಅಕ್ಕ. ದೊಡ್ಡ ಆಸ್ಪತ್ರೆಯ ನಿದ್ದೆ ಡಾಕ್ಟರು ಇದ್ದಾರಲ್ಲ, ರೇಡಿಯೋದಲ್ಲಿ ಮಾತಾಡ್ತಾರಲ್ಲ, ಅವರು."

"ಅವರು ನಮ್ಮಲ್ಲಿಗೆ ಯಾಕೆ ಬರ್ತಾರೆ ಅಧ್ಯಕ್ಷರೇ? ಬಂದ್ರೂ ಕೇಳೋಕೆ ಜನ ಎಲ್ಲಿ?"

"ಜನ ಬರ್ತಾರೆ ಬಿಡು. ನೀನು ಮನಸ್ಸು ಮಾಡಿದ್ರೆ ಆಗದೇ ಇರೋದು ಏನಿದೆ?"

ಈ ಮಾತು ಕೇಳಿದಾಗಲೆಲ್ಲ ಅವಳ ಭುಜ ಇನ್ನಷ್ಟು ಇಳಿಯುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಮನಸ್ಸಿನಲ್ಲೇ ಅಂದುಕೊಂಡು ಅವರ ಪ್ಯಾಂಟಿಗೆ ಚೀಟಿ ಚುಚ್ಚಿದಳು. ಆದರೂ ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಕಿವಿಗೂ ಭುಜಕ್ಕೂ ನಡುವೆ ಫೋನು ಒತ್ತಿಕೊಂಡು ಆಸ್ಪತ್ರೆಗೆ ಕರೆ ಮಾಡುತ್ತಲೇ ಹೋದಳು. ಸಹಾಯಕಿ ಒಬ್ಬಳು ದಿನಾ ನಾಳೆ ಅನ್ನುತ್ತಿದ್ದಳು. ಕೊನೆಗೊಂದು ದಿನ ಡಾಕ್ಟರೇ ಎತ್ತಿಕೊಂಡು, "ಆಯ್ತಮ್ಮ, ಬರ್ತೀನಿ" ಎಂದುಬಿಟ್ಟರು. ಅವಳಿಗೆ ಸಂತೋಷವಾಗಬೇಕಿತ್ತು. ಫೋನಿಟ್ಟು, ಬರಬಹುದಾದ ಸದಸ್ಯರನ್ನು ಬೆರಳಲ್ಲಿ ಎಣಿಸತೊಡಗಿದಳು.

ಅಷ್ಟು ದೊಡ್ಡವರನ್ನು ಕರೆಸಿ ಖಾಲಿ ಕುರ್ಚಿ ತೋರಿಸುವುದೇ? ಸಭೆಯ ಹಿಂದಿನ ದಿನ ಒಗೆದ ಬಟ್ಟೆಯ ರಾಶಿಯ ಮುಂದೆ ನಿಂತಾಗ ಅವಳಿಗೊಂದು ಯೋಚನೆ ಹೊಳೆಯಿತು. ಮಾರನೇ ದಿನ ಬಟ್ಟೆ ಕೇಳಿ ಬಂದವರಿಗೆಲ್ಲ ಒಂದೇ ಉತ್ತರ.

"ನಿಮ್ಮ ಬಟ್ಟೆ ಸಂಜೆ ಸಂಘದ ಸಭಾಂಗಣದಲ್ಲಿ ಸಿಗುತ್ತೆ. ಐದೂವರೆಗೆ ಬನ್ನಿ."

"ಸಭಾಂಗಣದಲ್ಲಾ? ಅಲ್ಲಿ ಯಾಕಕ್ಕ?"

"ಅಲ್ಲಿ ಗಾಳಿ ಚೆನ್ನಾಗಿದೆ, ಮಡಿಕೆ ಕೂರುತ್ತೆ" ಎಂದು ಮುಖ ಬಿಗಿದುಕೊಂಡು ಹೇಳಿದಳು.

ಬೇಕರಿಯವನೊಬ್ಬ ಮಾತ್ರ ನಕ್ಕ. "ಅಕ್ಕ, ನನ್ನ ಪ್ಯಾಂಟನ್ನ ಒತ್ತೆ ಇಟ್ಕೊಂಡ್ಯಾ? ಸರಿ, ಬಿಡಿಸ್ಕೊಳ್ಳೋಕೆ ಬರ್ತೀನಿ."

ಸಂಜೆ ಅತ್ತೆಯನ್ನು ನೋಡಿಕೊಳ್ಳಬೇಕಾಗಿದ್ದ ಪಕ್ಕದ ಮನೆಯವಳು ಜ್ವರವೆಂದು ಮಲಗಿದಳು. ಬೇರೆ ದಾರಿಯಿರಲಿಲ್ಲ. ಹ್ಯಾಂಗರುಗಳ ಹೊರೆಯನ್ನು ಅತ್ತೆಯ ತೊಡೆಯ ಮೇಲೆ ಹೊರಿಸಿ, ಗಾಲಿ ಕುರ್ಚಿಯನ್ನು ಗ್ರಂಥಾಲಯದ ಹಿಂದೆ ಸಭಾಂಗಣಕ್ಕೆ ಹೋಗುವ ಏರುದಾರಿಗೆ ತಳ್ಳಿದಳು. ಅಂಗಿಗಳ ನಡುವಿನಿಂದ ಅತ್ತೆಯ ಮೂಗು ಮಾತ್ರ ಕಾಣುತ್ತಿತ್ತು.

"ನನ್ನನ್ನ ಬೀರು ಅಂದ್ಕೊಂಡ್ಯೇನೇ?" ಎಂದಳು ಅತ್ತೆ.

"ಮಾತಾಡ್ಬೇಡಿ ಅತ್ತೆ. ನೀವು ಮಾತಾಡಿದ್ರೆ ಭಾರ ಜಾಸ್ತಿ ಆಗುತ್ತೆ."

ಅತ್ತೆ ನಕ್ಕಳು. ಮೂಳೆ ಮುರಿದ ಮೇಲೆ ಆಸ್ಪತ್ರೆಗಲ್ಲದೆ ಬೇರೆಲ್ಲಿಗೂ ಅವಳು ಹೊರಟದ್ದು ಅದೇ ಮೊದಲು.

ಸಭಾಂಗಣ ತುಂಬಿತು. ಬಟ್ಟೆಗೆ ಬಂದವರು ಗೋಡೆಯುದ್ದಕ್ಕೂ ತೂಗುಹಾಕಿದ್ದ ತಮ್ಮ ಅಂಗಿಗಳನ್ನು ದೂರದಿಂದ ಗುರುತಿಸುತ್ತ, ಸಭೆ ಮುಗಿದು ಕೊಡುವವರೆಗೂ ಕಾಯಬೇಕಾಗಿ, ಬೇರೆ ಗತಿಯಿಲ್ಲದೆ ಕೂತರು. ಮೈಕು ಸಿಳ್ಳೆ ಹಾಕಿ ಸುಮ್ಮನಾಯಿತು. ಅಧ್ಯಕ್ಷರ ಒಂದೆರಡು ಮಾತು ಮುಗಿಯುವ ಹೊತ್ತಿಗೆ ಡಾಕ್ಟರು ತಾವೇ ಒಮ್ಮೆ ಆಕಳಿಸಿದರು. ಆಮೇಲೆ ಎದ್ದು ನಿಂತು, ಮೆತ್ತನೆಯ ದನಿಯಲ್ಲಿ, ನಿದ್ದೆ ಹೇಗೆ ಬರುತ್ತದೆ ಎಂದು ಹೇಳತೊಡಗಿದರು. ಭುಜ ಹೇಗೆ ಸಡಿಲವಾಗುತ್ತದೆ, ಉಸಿರು ಹೇಗೆ ನಿಧಾನವಾಗುತ್ತದೆ, ಕೈಕಾಲು ಹೇಗೆ ಬೆಚ್ಚಗಾಗುತ್ತವೆ.

ಇಸ್ತ್ರಿ ಅಕ್ಕ ಮುಂದಿನ ಸಾಲಿನ ತುದಿಯಲ್ಲಿ, ವಂದನೆ ಹೇಳಲು ಸುಲಭವಾಗಲಿ ಎಂದು ಕೂತಿದ್ದಳು. ಬೆಳಗಿನಿಂದ ಕೂತದ್ದು ಅದೇ ಮೊದಲು. ಉಸಿರು ನಿಧಾನವಾಗುವ ಮಾತಿನ ತನಕ ಕೇಳಿಸಿಕೊಂಡದ್ದು ಅವಳಿಗೆ ನೆನಪಿತ್ತು.

ಎಚ್ಚರವಾದಾಗ ಕುತ್ತಿಗೆ ಹಿಡಿದುಕೊಂಡಿತ್ತು. ಹೆಗಲ ಮೇಲೆ ಯಾರೋ ತಮ್ಮ ಕೋಟು ಹೊದಿಸಿದ್ದರು. ಕುರ್ಚಿಗಳನ್ನೆಲ್ಲ ಮೂಲೆಯಲ್ಲಿ ಅಡ್ಡಾದಿಡ್ಡಿ ಪೇರಿಸಿದ್ದರು. ಅತಿಥಿ ಇಲ್ಲ, ಜನ ಇಲ್ಲ, ಗೋಡೆಯ ಮೇಲೆ ಬಟ್ಟೆಯೂ ಇಲ್ಲ. ಅಧ್ಯಕ್ಷರು ಕೈಕಟ್ಟಿ ನಿಂತಿದ್ದರು; ಪಕ್ಕದಲ್ಲಿ ಗಾಲಿ ಕುರ್ಚಿಯಲ್ಲಿ ಅತ್ತೆ, ಮದುವೆ ಮನೆಯ ಯಜಮಾನಿಯ ಹಾಗೆ.

"ಅಯ್ಯೋ, ಡಾಕ್ಟರು?" ಎಂದು ಎದ್ದಳು.

"ಹೋದ್ರು. ಬೇಜಾರು ಮಾಡ್ಕೊಳ್ಳಲಿಲ್ಲ" ಎಂದಳು ಅತ್ತೆ. "ಎಬ್ಬಿಸೋಕೆ ಹೋದವರನ್ನ ಅವರೇ ತಡೆದ್ರು. ನನ್ನ ಭಾಷಣ ಕೇಳಿದವರು ಇವರೊಬ್ಬರೇ ಅಂದ್ರು. ವಂದನೆ ನಾನೇ ಹೇಳ್ದೆ. ಬಟ್ಟೆನೂ ನಾನೇ ಹಂಚ್ದೆ."

"ಕನ್ನಡಕ ಇಲ್ದೆ ಚೀಟಿ ಹೇಗೆ ಓದಿದ್ರಿ ಅತ್ತೆ?"

"ಅಂದಾಜಿನ ಮೇಲೆ."

ಇಸ್ತ್ರಿ ಅಕ್ಕ ಕಣ್ಣು ಮುಚ್ಚಿಕೊಂಡಳು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಇನ್ನೊಂದು ಒಳ್ಳೇ ಸುದ್ದಿ ಅಕ್ಕ. ಮುಂದಿನ ವರ್ಷಕ್ಕೂ ನಿನ್ನನ್ನೇ ಕಾರ್ಯದರ್ಶಿ ಅಂತ ಆರಿಸಿದ್ವಿ. ಯಾರೂ ಬೇಡ ಅನ್ನಲಿಲ್ಲ" ಎಂದರು.

"ನಾನು ನಿದ್ದೆ ಮಾಡ್ತಿದ್ದೆ."

"ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ" ಎಂದು ಅವರು ನಕ್ಕರು.

ಅವಳು ಹೆಗಲ ಮೇಲಿನ ಕೋಟನ್ನು ಮಡಿಚಿ ಕುರ್ಚಿಯ ಮೇಲಿಟ್ಟಳು. ಬೀಗ ಹಾಕಿ ಅತ್ತೆಯ ಕುರ್ಚಿ ತಳ್ಳಿಕೊಂಡು ಇಳಿಜಾರು ಇಳಿದಳು. ಮನೆಗೆ ಬಂದು ಸಾರು ಬಿಸಿಮಾಡಿ ಅತ್ತೆಯ ಮುಂದಿಟ್ಟು, ತಾನು ಗೋಡೆಗೊರಗಿ ಕೂತಳು. ತಟ್ಟೆಗೆ ಕೈ ಹಾಕುವ ಶಕ್ತಿಯೂ ಇರಲಿಲ್ಲ.

"ಉಣ್ಣೇ" ಎಂದಳು ಅತ್ತೆ. ಅನ್ನಕ್ಕೆ ಸಾರು ಕಲಸುತ್ತ, "ಬೇಡ ಅಂತ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು.

"ಹೇಗೆ ಹೇಳ್ಲಿ ಅತ್ತೆ? ಅವರು ಪ್ರಾಣ ಇಟ್ಟುಕೊಂಡು ಮಾಡಿದ್ದ ಕೆಲಸ. ನಾನು ಕೈಬಿಟ್ರೆ ನಿಮಗೆ ಏನನ್ಸುತ್ತೆ? ಮಗನ ಹೆಸರು ಅಳಿಸಿದಳು ಅನ್ಸಲ್ವಾ?"

ಮುದುಕಿ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. "ನನಗಾ? ಅಯ್ಯೋ ಹುಚ್ಚಿ. ಅವನಿಗೇ ಸಾಕಾಗಿತ್ತು ಕಣೇ. ಸಭೆ ಇರೋ ಗುರುವಾರ ನೀನು ಅಂಗಡಿಯಲ್ಲಿ ಇರುವಾಗ ಹಿಂದುಗಡೆ ಬಂದು, ಅಮ್ಮ, ಇವತ್ತು ಮಳೆ ಬಂದು ಸಭೆ ನಿಂತ್ರೆ ಸಾಕು ಅಂತಿದ್ದ. ಬಿಡೋ ಅಂದ್ರೆ, ಬಿಟ್ರೆ ಅವಳು ಏನಂದ್ಕೋತಾಳೆ, ಅವಳಿಗೆ ಹೆಮ್ಮೆ ಅಂತಿದ್ದ."

"ನಾನು ಯಾವತ್ತು ಹೆಮ್ಮೆ ಅಂದೆ?"

"ಅದು ನನಗೇನು ಗೊತ್ತು? ನೀವಿಬ್ಬರೂ ಮಾತಾಡ್ಕೊಂಡಿದ್ರೆ ತಾನೇ?"

ಇಸ್ತ್ರಿ ಅಕ್ಕನಿಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ. ಸಭೆಯ ಗುರುವಾರಗಳಂದು ಅವನ ಅಂಗಿಯನ್ನು ಎಲ್ಲಕ್ಕಿಂತ ಮೊದಲು ಇಸ್ತ್ರಿ ಮಾಡಿಟ್ಟು, ಬೇಗ ಹೊರಡಿ ಎಂದು ತಾನೇ ಅವಸರಪಡಿಸುತ್ತಿದ್ದದ್ದು ನೆನಪಾಯಿತು. ಅವನಿಗೆ ಖುಷಿಯಾಗಲಿ ಎಂದು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ತಟ್ಟೆ ಎಳೆದುಕೊಂಡಳು.

ಬೆಳಗ್ಗೆ ಅಂಗಡಿಯ ಮುಂದೆ ಸಂತೆ. ಯಾರ ಅಂಗಿ ಯಾರ ಮೈಮೇಲೋ. ನರ್ಸಮ್ಮನಿಗೆ ಪೊಲೀಸಿನವನ ಶರ್ಟು ಹೋಗಿತ್ತು. ಎಲ್ಲರಿಗಿಂತ ಮುಂದೆ ಅಧ್ಯಕ್ಷರು, ಬೇಕರಿಯವನ ಪ್ಯಾಂಟು ಹಿಡಿದು ನಿಂತಿದ್ದರು. ಅದು ಅವರಿಗೆ ಮೊಣಕಾಲು ದಾಟುವಂತಿರಲಿಲ್ಲ.

"ಇದನ್ನ ಸರಿಮಾಡು ಅಕ್ಕ. ಹಾಗೇ ಬೇಸಿಗೆಯ ಹೊರಸಂಚಾರಕ್ಕೆ ದೋಣಿಯವನ ಹತ್ರ ಮಾತಾಡು. ಮುಂದಿನ ಅತಿಥಿ..."

"ಪ್ಯಾಂಟು ಸರಿಮಾಡ್ತೀನಿ" ಎಂದಳು ಅವಳು. "ಮಿಕ್ಕಿದ್ದು ನನ್ನ ಕೈಲಾಗಲ್ಲ ಅಧ್ಯಕ್ಷರೇ. ಸುಸ್ತಾಗಿದೆ."

"ಒಂದೆರಡು ದಿನ ರೆಸ್ಟ್ ತಗೋ."

"ಒಂದೆರಡು ದಿನದ ಸುಸ್ತಲ್ಲ ಇದು."

"ಮತ್ತೆ ಯಾರು ಮಾಡ್ತಾರೆ?"

"ನೀವು ಮಾಡಿ. ಇಲ್ಲ, ನಿಲ್ಲಿಸಿ. ಬೀಗದ ಕೈ ತಗೊಳ್ಳಿ."

ಅವರು ಕೈ ಚಾಚಲಿಲ್ಲ. ಅವಳು ಕೀಲಿಯನ್ನು ಪ್ಯಾಂಟಿನ ಮಡಿಕೆಯ ಮೇಲಿಟ್ಟು ಮುಂದಿನವರ ಚೀಟಿ ಕೇಳಿದಳು. ಅಧ್ಯಕ್ಷರ ಮುಖ ಕೆಂಪಗಾಯಿತು. ಮೊದಲ ಬಾರಿಗೆ ಅವರಿಗೆ ಒಂದು ಮಾತೂ ಹೊಳೆಯಲಿಲ್ಲ.

ಸಂಘ ಮುಳುಗಲಿಲ್ಲ, ತೇಲಲೂ ಇಲ್ಲ. ಎರಡು ಸಭೆ ತಪ್ಪಿತು. ಆಮೇಲೆ ತಿಂಗಳಿಗೊಂದೇ ಸಭೆಯೆಂದಾಯಿತು. ಅತಿಥಿಗಳನ್ನು ಕರೆಯುವ ಕೆಲಸ ಬೇಕರಿಯವನ ಪಾಲಿಗೆ ಬಂತು. ಮೊದಲ ತಿಂಗಳು ಯಾರೂ ಸಿಗದೆ ತಾನೇ ನಿಂತು ಹಿಟ್ಟು ಉಬ್ಬುವುದರ ಬಗ್ಗೆ ಮಾತಾಡಿದ. ಅಧ್ಯಕ್ಷರು ಚಹಾ ಮಾಡಿದರು. ಅದು ಬಾಯಿಗಿಡುವ ಹಾಗಿರಲಿಲ್ಲ. ಕನ್ನಡಕ ಕೂಡಿಸುವ ಕೆಲಸ ಮಾತ್ರ ನಿಂತೇ ಹೋಯಿತು. ಅದು ಇಸ್ತ್ರಿ ಅಕ್ಕನ ಮನಸ್ಸನ್ನು ಚುಚ್ಚುತ್ತಿತ್ತು. ಆದರೂ ನಾನು ಮಾಡುತ್ತೇನೆ ಎಂದು ಅವಳ ಬಾಯಿಂದ ಬರಲಿಲ್ಲ.

ದಣಿವು ಅದರಿಂದೇನೂ ಓಡಿಹೋಗಲಿಲ್ಲ. ಇಸ್ತ್ರಿಯ ಕೆಲಸ ಹಾಗೇ ಇತ್ತು, ಭುಜದ ನೋವೂ ಹಾಗೇ. ಸಾಲದ್ದಕ್ಕೆ ಅತ್ತೆಗೆ ಸಭೆಯ ರುಚಿ ಹತ್ತಿತ್ತು. ತಿಂಗಳ ಗುರುವಾರ ಬಂತೆಂದರೆ ಮಧ್ಯಾಹ್ನದಿಂದಲೇ ತಲೆ ಬಾಚಿಕೊಂಡು ಕೂರುತ್ತಿದ್ದಳು. ಹಾಗಾಗಿ ಸೊಸೆ ಏರು ಹತ್ತುವುದು ತಪ್ಪಲಿಲ್ಲ. ಹತ್ತಿದ ಮೇಲೆ ಮಾತ್ರ ಹಿಂದಿನ ಸಾಲಿನಲ್ಲಿ ಕೂತು, ಕಾಲು ಚಾಚಿ, ಯಾರೋ ಹಾಕಿದ ಕುರ್ಚಿಯಲ್ಲಿ ಯಾರೋ ಕರೆದ ಅತಿಥಿಯ ಮಾತು ಕೇಳುತ್ತಿದ್ದಳು. ಕೆಲವು ಸಲ ಕೇಳುತ್ತಲೂ ಇರಲಿಲ್ಲ.

ಬೇಸಿಗೆ ಹತ್ತಿರವಾದ ಒಂದು ಸಂಜೆ, ಏರಿನ ಅರ್ಧಕ್ಕೆ ಬಂದಾಗ ಅತ್ತೆ ಹೇಳಿದಳು. "ದೋಣಿ ಸಂಚಾರಕ್ಕೆ ಹೆಸರು ಕೊಟ್ಟಿದ್ದೀನಿ. ನಮ್ಮಿಬ್ಬರದೂ."

"ನಂಗೊಂದು ಮಾತು ಕೇಳ್ಬಾರ್ದಿತ್ತಾ? ಈ ಕುರ್ಚಿನ ದೋಣಿಗೆ ಹತ್ತಿಸೋರು ಯಾರು?"

"ಬೇಕರಿಯವನು ಎತ್ತುತ್ತೀನಿ ಅಂದಿದ್ದಾನೆ. ನಿನ್ನನ್ನ ಕೇಳಿದ್ರೆ ಬೇಡ ಅಂತಿದ್ದೆ."

"ಈಗಲೂ ಬೇಡ ಅಂತೀನಿ."

"ಅನ್ನು. ಯೋಚನೆ ಮಾಡಿ ಅನ್ನು. ಇನ್ನೂ ಎರಡು ವಾರ ಇದೆ."

ಇಸ್ತ್ರಿ ಅಕ್ಕ ಗಾಲಿಗೆ ಪಾದ ಅಡ್ಡಗೊಟ್ಟು ನಿಂತು ಉಸಿರು ಎಳೆದುಕೊಂಡಳು. ಕೆಳಗೆ ಬಸ್ಸೊಂದು ಮೂಲೆ ತಿರುಗಿತು. ಆಮೇಲೆ ಪಾದ ತೆಗೆದು, ಬೆನ್ನು ಬಗ್ಗಿಸಿ, ಮತ್ತೆ ತಳ್ಳಿದಳು.