ಊಟದವರೆಗೆ ಎದುರು ಪಕ್ಷ

ನಮ್ಮ ಹಲಸೂರಿನ ಮನೆಗೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ತಂದವರು ನನ್ನ ಗಂಡ, ಆಫೀಸಿನ ಕೆಲಸಕ್ಕೆಂದು. ವಶಪಡಿಸಿಕೊಂಡವರು ನನ್ನ ಮಾವ. ಕಾರ್ಖಾನೆಯಿಂದ ನಿವೃತ್ತರಾಗಿದ್ದ ಅವರಿಗೆ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಆಮೇಲೆ ದೇವರಿದ್ದಾನೋ ಇಲ್ಲವೋ ಎಂದು ವಿಚಾರಿಸುವ ಅಭ್ಯಾಸ. ಅದುವರೆಗೆ ಆ ವಿಚಾರಣೆ ಕೆರೆಯ ದಂಡೆಯಲ್ಲಿ ವಾಕಿಂಗ್ ಗೆಳೆಯರ ಜೊತೆ ನಡೆಯುತ್ತಿತ್ತು. ಇಂಟರ್ನೆಟ್ ಬಂದ ಮೇಲೆ ಮನೆಗೇ ವರ್ಗವಾಯಿತು.

ಪರದೆ ನೋಡಿದರೆ ಮಾವನ ಕಣ್ಣಲ್ಲಿ ನೀರು ಬರುತ್ತಿತ್ತು. ಹಾಗಾಗಿ ಓದುವ ಕೆಲಸ ನನ್ನ ಪಾಲಿಗೆ ಬಂತು. ಮದುವೆಗೆಂದು ಬಿ.ಎ. ಅರ್ಧಕ್ಕೆ ಬಿಟ್ಟು ಬಂದಿದ್ದ ನನಗೆ ಅದೇ ಕಾಲೇಜು. ಆ ಡಿಗ್ರಿಯನ್ನು ಮುಗಿಸಬೇಕೆಂಬ ಆಸೆ ಒಳಗೊಳಗೇ ಕುಟುಕುತ್ತಿತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ.

ಗಂಡ ಆಫೀಸಿಗೂ ಮಗಳು ನರ್ಸರಿಗೂ ಹೋದ ಮೇಲೆ ಫೋನಿನ ತಂತಿಯನ್ನು ಮೋಡೆಮ್ಮಿಗೆ ಸಿಕ್ಕಿಸುತ್ತಿದ್ದೆ. ಅದು ಒಂದಷ್ಟು ಹೊತ್ತು ಅರಚಿ ಸುಮ್ಮನಾದ ಕೂಡಲೇ ಬೇಕಾದ ಪುಟಗಳನ್ನೆಲ್ಲ ತೆರೆದಿಟ್ಟುಕೊಂಡು, ಸಂಪರ್ಕ ಕಡಿದು, ನಿಧಾನವಾಗಿ ಓದುವುದು ನಮ್ಮ ಕ್ರಮ. ಇಂಟರ್ನೆಟ್ ಇದ್ದಷ್ಟು ಹೊತ್ತು ಫೋನ್ ಬರುತ್ತಿರಲಿಲ್ಲ. ಕೆ.ಆರ್. ಪುರದಿಂದ ಅತ್ತೆಯ ತಂಗಿ ಫೋನ್ ಮಾಡುವ ಹೊತ್ತೂ ಅದೇ.

“ದೇವರು ಇದ್ದಾನಾ ಇಲ್ವಾ ಅಂತ ಬೇಗ ತೀರ್ಮಾನ ಮಾಡ್ರಿ, ನನ್ನ ತಂಗಿ ಕಾಯ್ತಿರ್ತಾಳೆ,” ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದರು.

ಇಂಗ್ಲಿಷಿನಲ್ಲಿದ್ದುದನ್ನು ನಾನು ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೆ. ಒಂದು ದಿನ ಆತ್ಮವೇ ಇಲ್ಲ ಎನ್ನುವ ಬೌದ್ಧರು, ಇನ್ನೊಂದು ದಿನ ನಕ್ಷತ್ರಗಳು, ಮತ್ತೊಂದು ದಿನ ಮೀಸಲಾತಿ. ಮಾವ ಒಂದು ನಿಯಮ ಮಾಡಿದ್ದರು. ಯಾರಿಗೆ ಏನು ಅನ್ನಿಸುತ್ತದೋ ಅದರ ಎದುರು ಪಕ್ಷ ಹಿಡಿದು ಊಟದವರೆಗೆ ವಾದ ಮಾಡಬೇಕು. ಊಟವಾದ ಮೇಲೆ ಅವರವರ ಪಕ್ಷಕ್ಕೆ ವಾಪಸ್ಸು ಹೋಗಬಹುದು.

ಮೀಸಲಾತಿಯ ಬಗ್ಗೆ ಸದಾ ಗೊಣಗುತ್ತಿದ್ದ ಮಾವ ಅದರ ಪರವಾಗಿ ಮಾತಾಡಬೇಕಾಯಿತು. ಕಾರ್ಖಾನೆಯಲ್ಲಿ ಜಾತಿಯ ಕಾರಣಕ್ಕೆ ಯಾರೂ ಜೊತೆಗೆ ಊಟಕ್ಕೆ ಕರೆಯದಿದ್ದ ಒಬ್ಬ ಸಹೋದ್ಯೋಗಿಯ ಕಥೆ ಶುರು ಮಾಡಿದರು. ಆತ ದಿನವೂ ಮಷೀನಿನ ಹಿಂದೆ ಕೂತು ಡಬ್ಬಿ ಬಿಚ್ಚುತ್ತಿದ್ದ ಎನ್ನುವಲ್ಲಿಗೆ ಮಾತು ನಿಂತಿತು. ಕಣ್ಣೊರೆಸಿಕೊಂಡು, ಪರದೆಯ ಕಾಟ ಎಂದರು. ಊಟವಾದ ಮೇಲೆ ಮತ್ತೆ ಗೊಣಗಿದರೇನೋ ನಿಜ, ಆದರೆ ದನಿ ಸಣ್ಣದಾಗಿತ್ತು. ಆ ಮನುಷ್ಯನ ಮೇಲೆ ನನಗೆ ಅಪಾರ ಗೌರವ ಹುಟ್ಟಿದ್ದು ಆವತ್ತು.

ಅವರ ಧೈರ್ಯ ನೋಡಿಯೇ ನನಗೂ ಧೈರ್ಯ ಬಂದಿರಬೇಕು. ಅವರೆಕಾಯಿ ಕಾಲದ ಒಂದು ಭಾನುವಾರ, ಎಲ್ಲರೂ ಮನೆಯಲ್ಲಿದ್ದಾಗ ಕೇಳಿಯೇಬಿಟ್ಟೆ. ಅಂಚೆ ಶಿಕ್ಷಣದಲ್ಲಿ ಬಿ.ಎ. ಮುಗಿಸುತ್ತೇನೆ, ಭಾನುವಾರ ಮಾತ್ರ ತರಗತಿಗೆ ಹೋಗಬೇಕಾಗುತ್ತದೆ ಎಂದೆ. ಗಂಡ ಅಮ್ಮನ ಮುಖ ನೋಡಿದರು. ಅತ್ತೆ ನೆಲದ ಮೇಲೆ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿದ್ದರು.

“ಭಾನುವಾರ ಅಂದ್ರೆ ಮನೆ ತುಂಬ ನೆಂಟರು. ಸೊಸೆ ಎಲ್ಲಿ ಅಂದ್ರೆ ಏನು ಹೇಳ್ಲಿ? ಮಗು ಬೇರೆ ಇದೆ. ಬೇಡ,” ಎಂದರು.

ಅತ್ತೆಯ ಬೇಡಕ್ಕೆ ನಮ್ಮ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ. ಆದರೆ ಮಾವ ಪೇಪರ್ ಮಡಿಚಿಟ್ಟು, “ಸರಿ, ಊಟದವರೆಗೆ ಎಲ್ರೂ ಎದುರು ಪಕ್ಷ,” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಬದುಕಿನ ಮಾತನ್ನು ಇವರು ಆಟ ಮಾಡುತ್ತಿದ್ದಾರಲ್ಲ ಅನ್ನಿಸಿತು. ಆ ಸಿಟ್ಟಿನಲ್ಲೇ ನನ್ನ ವಿರುದ್ಧ ವಾದ ಮಾಡಿದೆ. ಸಾರು ಯಾರು ಮಾಡುತ್ತಾರೆ, ಮಗಳ ಜಡೆ ಯಾರು ಹಾಕುತ್ತಾರೆ, ಈ ವಯಸ್ಸಿನಲ್ಲಿ ಓದಿ ಯಾರನ್ನು ಉದ್ಧಾರ ಮಾಡಬೇಕಾಗಿದೆ ಎಂದೆಲ್ಲ ಹೇಳಿ, ಅಳು ಬಂದು ನಿಲ್ಲಿಸಿದೆ.

“ನಂಗೇನು ವಾದ ಬರುತ್ತೆ,” ಎಂದು ಅತ್ತೆ ಸ್ವಲ್ಪ ಹೊತ್ತು ಕಾಳು ಹಿತುಕಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು.

“ನಾವು ನೋಡೋ ನಕ್ಷತ್ರದ ಬೆಳಕು ಯಾವ ಕಾಲದಲ್ಲೋ ಹೊರಟಿದ್ದು ಅಂತ ಓದಿದ್ಯಲ್ಲ. ಆವತ್ತು ಸಂಜೆ ಬಟ್ಟೆ ತೆಗೆಯಕ್ಕೆ ಮಹಡಿಗೆ ಹೋದೋಳು ಕತ್ತೆತ್ತಿ ನಿಂತ್ಬಿಟ್ಟೆ. ಇಷ್ಟು ವರ್ಷ ನನ್ನ ತಲೆ ಮೇಲೇ ಇತ್ತು, ಯಾರೂ ಹೇಳಿರ್ಲಿಲ್ಲ. ನನ್ನನ್ನ ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ರು. ಆಗ್ಲೂ ಮನೇಲಿ ನೆಂಟರೇ ಇದ್ರು. ಸೊಸೆ ಎಲ್ಲಿ ಅಂದ್ರೆ ಕಾಲೇಜಿಗೆ ಹೋಗಿದ್ದಾಳೆ ಅಂದ್ರಾಯ್ತು. ಇವಳು ಓದದೆ ಹೋದ್ರೆ ನಂಗೆ ಯಾರು ಓದಿ ಹೇಳ್ತಾರೆ?”

ದಿನವೂ ಅಡುಗೆಮನೆಯಲ್ಲಿ ನಿಂತು ಅವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರೆಂದು ನಮಗೆ ಗೊತ್ತಾದದ್ದು ಆಗಲೇ. ನಿಯಮದ ಪ್ರಕಾರ ಮಾವ ಈಗ ಬೇಡ ಎಂದು ವಾದಿಸಬೇಕಿತ್ತು. ಅವರು ಅತ್ತೆಯ ಎದುರು ಕೂತು ತಾವೂ ಕಾಳು ಹಿತುಕತೊಡಗಿದರು.

ಹಿತುಕಿದ ಬೇಳೆ ಸಾರಿನಲ್ಲಿ ನಾವೆಲ್ಲ ಉಂಡೆವು, ಅತ್ತೆ ಬಡಿಸಿದರು. ಮಾವ ಕೈ ತೊಳೆದು ಬಂದು ಅತ್ತೆಗೆ, “ಊಟ ಆಯ್ತು ಕಣೆ, ಇನ್ನು ನಿನ್ನ ಪಕ್ಷಕ್ಕೆ ನೀನು ವಾಪಸ್ಸು ಹೋಗ್ಬಹುದು,” ಎಂದರು.

ಅತ್ತೆ ತಟ್ಟೆಗಳನ್ನು ಎತ್ತುತ್ತಾ ಹೇಳಿದರು: “ನಂದು ಊಟ ಇನ್ನೂ ಆಗಿಲ್ಲ.”

ಮುಂದೆ ತರಗತಿಯಿದ್ದ ಭಾನುವಾರಗಳಲ್ಲಿ ನಾನು ಬಸ್ಸಿಳಿದು ಮನೆ ಸೇರುವಾಗ ನೆಂಟರೆಲ್ಲ ಉಂಡು ಹೋಗಿರುತ್ತಿದ್ದರು. ಅತ್ತೆ ಎರಡು ತಟ್ಟೆ ಇಟ್ಟು, ಏನು ಓದಿದೆ ಎಂದು ಕೇಳುತ್ತಿದ್ದರು. ಅಲ್ಲಿಯವರೆಗೆ ಅವರು ಉಂಡಿರುತ್ತಿರಲಿಲ್ಲ.