ಹಗೇವಿನೊಳಗಿನ ಇಪ್ಪತ್ತೇಳೂವರೆ ಇಂಚು

ಸ್ವಾತಂತ್ರ್ಯ ಬರುವುದಕ್ಕೆ ಹತ್ತು ಹನ್ನೊಂದು ವರ್ಷ ಮೊದಲು ನಾನು ಮಧುಗಿರಿಯಲ್ಲಿ ಕೆರೆ ಕೆಲಸಗಳ ಓವರ್‌ಸಿಯರ್ ಆಗಿದ್ದೆ. ಇಪ್ಪತ್ತಾರರ ವಯಸ್ಸು, ತಲೆಯಲ್ಲಿ ಕಾಲೇಜಿನ ಭೌತಶಾಸ್ತ್ರ, ಕೈಯಲ್ಲಿ ಅನೆರಾಯ್ಡ್ ಬ್ಯಾರೋಮೀಟರ್. ಗಾಳಿಯ ಒತ್ತಡವನ್ನು ಪಾದರಸದ ಇಂಚುಗಳ ಲೆಕ್ಕದಲ್ಲಿ ಮುಳ್ಳಿನಿಂದ ತೋರಿಸುವ, ಅಂಗೈಯಗಲದ ಉಪಕರಣ ಅದು. ಗುಡ್ಡಗಳ ಎತ್ತರ ಅಳೆಯಲೆಂದು ಕೊಟ್ಟಿದ್ದರು. ನಾನೋ, ಕಂಡಕಂಡಲ್ಲೆಲ್ಲ ಹಿಡಿದು ನೋಡುತ್ತಿದ್ದೆ. ಜಂಬದ ಮನುಷ್ಯ, ಬಿಡಿ.

ಬಡವನಹಳ್ಳಿ ಕಡೆ ಒಂದು ಕೆರೆ ಏರಿಯ ಕೆಲಸಕ್ಕೆ ಅರವತ್ತು ಆಳುಗಳಿದ್ದರು. ಅವರಿಗೆ ಹಂಚಬೇಕಾದ ರಾಗಿ ಹನುಮಯ್ಯ ಎಂಬ ರೈತನ ಹಿತ್ತಿಲ ಹಗೇವಿನಲ್ಲಿತ್ತು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಇದು ಮೂರಾಳು ಆಳ, ಅರ್ಧದವರೆಗೆ ರಾಗಿ. ಬಾಯಿ ಒಬ್ಬ ಇಳಿಯುವಷ್ಟು ಮಾತ್ರ. ಎರಡು ವರ್ಷದಿಂದ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ್ದರು.

ಬೆಳಿಗ್ಗೆ ಚಪ್ಪಡಿ ಸರಿಸಿದ ಮೇಲೆ ಹನುಮಯ್ಯನ ಹೆಂಡತಿ ತಿಮ್ಮಕ್ಕ ಹಣತೆ ಹಚ್ಚಿ, ತಕ್ಕಡಿಯ ತಟ್ಟೆಯಲ್ಲಿಟ್ಟು ಹಗ್ಗದಿಂದ ಇಳಿಬಿಟ್ಟಳು. ಆಳುದ್ದ ಇಳಿಯುವಷ್ಟರಲ್ಲಿ ದೀಪ ಆರಿತು.

"ಇವತ್ತು ಆಗಾಕಿಲ್ಲ ಸ್ವಾಮಿ. ನಾಳೀಕ್ ನೋಡಾನ," ಎಂದಳು.

ನನಗೆ ರಾಗಿ ಆ ದಿನವೇ ಬೇಕಿತ್ತು. ಎಣ್ಣೆ ಸಾಲದೆ ಆರಿರಬೇಕು ಎಂದು ಸಿಡುಕಿದೆ. ಅದೇ ತಟ್ಟೆಯಲ್ಲಿ ಬ್ಯಾರೋಮೀಟರ್ ಇಳಿಸಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ದುರ್ಬೀನು ಹಿಡಿದು ಓದಿದೆ. ಮೇಲೆ ಇಪ್ಪತ್ತೇಳೂವರೆ ಇಂಚು, ಕೆಳಗೂ ಅಷ್ಟೇ.

"ನೋಡಿದಿರಾ, ಗಾಳಿ ಪೂರಾ ಇದೆ. ಇಳಿ ಹನುಮಯ್ಯ," ಎಂದೆ.

"ಅದು ಉಸ್ರಾಡ್ತದಾ ಸ್ವಾಮಿ?" ಎಂದು ತಿಮ್ಮಕ್ಕ ಕೇಳಿದಳು.

ನಾನು ನಕ್ಕುಬಿಟ್ಟೆ. ಹನುಮಯ್ಯ ಪಂಚೆ ಎತ್ತಿ ಕಟ್ಟಿದ. ತಿಮ್ಮಕ್ಕ ಅವನ ಕಂಕುಳ ಕೆಳಗೆ ಹಗ್ಗ ಬಿಗಿದಳು. ಪುಣ್ಯಾತ್ಗಿತ್ತಿ, ಅದೊಂದು ಮಾಡಿದ್ದಕ್ಕೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಅವನು ಕುಕ್ಕೆಗೆ ಎರಡು ಬೊಗಸೆ ತುಂಬಿದ. ಮೂರನೆಯದಕ್ಕೆ ಕೈ ನಿಂತಿತು. ನಿದ್ದೆ ಬಂದವನ ಹಾಗೆ ರಾಗಿಯ ಮೇಲೆ ಒರಗಿದ. ಒಂದು ಕೂಗಿಲ್ಲ, ನರಳಾಟವಿಲ್ಲ.

"ಎಳೀರಿ ಸ್ವಾಮಿ. ಏನ್ ನೋಡ್ಕಂಡ್ ನಿಂತಿದೀರಾ ನೀವು," ಎಂದು ತಿಮ್ಮಕ್ಕ ಗದರಿದಳು.

ರಾಗಿ ಹೊರಲು ಬಂದಿದ್ದ ಇಬ್ಬರು ಆಳುಗಳೂ ನಾನೂ ಸೇರಿ ಎಳೆದೆವು. ನನ್ನ ಅಂಗೈ ಸುಲಿದುಹೋಯಿತು. ಹನುಮಯ್ಯನ ತುಟಿ ನೀಲಿಗಟ್ಟಿತ್ತು. ನೆರಳಿನಲ್ಲಿ ಮಲಗಿಸಿ, ನನಗೆ ತಿಳಿದಂತೆ ಎದೆ ಒತ್ತಿದೆ. ಕೊನೆಗೊಮ್ಮೆ ಕೆಮ್ಮಿ ಉಸಿರೆಳೆದುಕೊಂಡ. ಅಷ್ಟು ಹೆದರಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಅವನು ಎದ್ದು ಕುಳಿತ ಮೇಲೆ ನನ್ನ ಬುದ್ಧಿ ಓಡತೊಡಗಿತು. ಗಾಳಿ ಹಲವು ಅನಿಲಗಳ ಮಿಶ್ರಣ. ಪ್ರತಿಯೊಂದೂ ತಾನೊಂದೇ ಇದ್ದಂತೆ ತನ್ನ ಪಾಲಿನ ಒತ್ತಡ ಹಾಕುತ್ತದೆ. ಅವೆಲ್ಲ ಕೂಡಿದರೆ ಒಟ್ಟು ಒತ್ತಡ. ಇದನ್ನೇ ಪಾರ್ಶಿಯಲ್ ಪ್ರೆಷರ್ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಇಪ್ಪತ್ತೇಳೂವರೆ ಇಂಚಿನಲ್ಲಿ ಆಮ್ಲಜನಕದ ಪಾಲು ಐದೂಮುಕ್ಕಾಲು. ಮುಚ್ಚಿದ ಹಗೇವಿನಲ್ಲಿ ರಾಗಿಯೇ ಉಸಿರಾಡಿ ಅದನ್ನು ಕರಗಿಸಿತ್ತು. ಖಾಲಿಯಾದ ಪಾಲನ್ನು ಅಂಗಾರಾಮ್ಲ, ಅಂದರೆ ಕಾರ್ಬನ್ ಡೈಆಕ್ಸೈಡ್, ತುಂಬಿತ್ತು. ಯಾರ ಪಾಲು ಎಷ್ಟೆಂದು ಮುಳ್ಳಿಗೇನು ಗೊತ್ತು? ಅದು ಮೊತ್ತ ಹೇಳಿತು, ಅಷ್ಟೇ. ಹಣತೆಗೆ ಬೇಕಿದ್ದದ್ದು ಆಮ್ಲಜನಕ ಒಂದೇ, ಹನುಮಯ್ಯನಿಗೂ ಅದೇ.

ಮರುದಿನ ತಿಮ್ಮಕ್ಕ ಹೊಂಗೆಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಕಟ್ಟಿ, ಹಗೇವಿನೊಳಗೆ ಬಹಳ ಹೊತ್ತು ಏರಿಸಿ ಇಳಿಸಿ ಗಾಳಿ ಕದಡಿದಳು. ಆಮೇಲೆ ಇಳಿಸಿದ ದೀಪ ರಾಗಿ ಮುಟ್ಟುವವರೆಗೂ ಉರಿಯಿತು. ನನಗೆ ಕುತೂಹಲ ತಡೆಯದೆ ಬ್ಯಾರೋಮೀಟರನ್ನೂ ಇಳಿಸಿದೆ. ಅದೇ ಇಪ್ಪತ್ತೇಳೂವರೆ. ಕೊಲ್ಲುವ ಗಾಳಿಗೂ ಕಾಯುವ ಗಾಳಿಗೂ ಅದರಲ್ಲಿ ಒಂದೇ ಲೆಕ್ಕ.

ಕ್ಷಮೆ ಕೇಳೋಣವೆಂದು ಹನುಮಯ್ಯನ ಜಗಲಿಗೆ ಹೋದೆ. ಅವನೇ ಎದ್ದು ನಿಂತು, "ತಪ್ಪಾಯ್ತು ಸ್ವಾಮಿ, ನನ್ನಿಂದ ನಿಮ್ ಕೆಲ್ಸ ನಿಂತೋಯ್ತು," ಎಂದ.

"ದೀಪ ಆರಿದ್ದು ನೀನೂ ನೋಡಿದ್ದೆಯಲ್ಲ. ಯಾಕಯ್ಯಾ ಇಳಿದೆ?"

"ತಾವು ಇಳಿ ಅಂದ್ರಲ್ಲ," ಎಂದ.

ಅವನು ನನ್ನ ಮುಳ್ಳನ್ನು ಒಂದು ಕ್ಷಣವೂ ನಂಬಿರಲಿಲ್ಲ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆಮೇಲಿನ ಸರ್ವೀಸಿನಲ್ಲಿ ಬಾವಿಗೋ ತೂಬಿಗೋ ಆಳು ಇಳಿಸುವ ಮುನ್ನ, ಇಳಿಯುವವನಿಗೆ ಏನನ್ನಿಸುತ್ತದೆಂದು ಮೊದಲು ಕೇಳುತ್ತಿದ್ದೆ. ಅವನು ಹೇಳಿ ಮುಗಿಸುವವರೆಗೆ ನನ್ನ ಅಭಿಪ್ರಾಯ ಹೇಳಲು ಬಾಯಿ ಬಿಡುತ್ತಿರಲಿಲ್ಲ.