ಹೊನ್ನೂರಿನ ಫೋಟೋ ವಾಪಸ್ ಬಂದದ್ದು ಯಾಕೆ

ಒಂದು ಫೋಟೋ ಮಾರಿದ್ದಕ್ಕೆ ನನಗೆ ಆದ ಖರ್ಚು ಐದು ಸಾವಿರದ ಐನೂರು ರೂಪಾಯಿ. ಬಂದದ್ದಲ್ಲ, ಕೈಬಿಟ್ಟು ಹೋದದ್ದು. ಎರಡು ಸಾವಿರದ ಮುನ್ನೂರು ಫೋಟೋದಲ್ಲಿದ್ದ ಹೆಂಗಸಿಗೆ ಕೊಟ್ಟೆ. ಮೂರು ಸಾವಿರ ಒಂದು ಹಳೆಯ ಲೆನ್ಸಿಗೆ ಮುಂಗಡ ಕೊಟ್ಟು ಕಳೆದುಕೊಂಡೆ. ಉಳಿದ ಇನ್ನೂರು, ಕೂತಲ್ಲಿ ಕೂರಲಾರದೆ ಕೊಳ್ಳೇಗಾಲಕ್ಕೂ ಹೊನ್ನೂರಿಗೂ ಓಡಾಡಿ ಸುಟ್ಟ ಪೆಟ್ರೋಲು. ಯಾಕೆ ಹೀಗಾಯಿತೆಂದರೆ, ಕೊಂಡವರಿಗೆ ವೆಬ್‌ಸೈಟಿನವರು ಹಣ ಹಿಂದಿರುಗಿಸಿದರು. ನಾನು ಅಷ್ಟರಲ್ಲಿ ಆ ಹಣವನ್ನು ನಂಬಿ ಊರಿಗೆಲ್ಲ ದೊಡ್ಡ ಮನುಷ್ಯನಾಗಿದ್ದೆ.

ಕೊಳ್ಳೇಗಾಲದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಬೇರೆಯವರ ಕ್ಯಾಮೆರಾಗೆ ಲೈಟು ಹಿಡಿದು ನಿಂತು ಕಲಿತ ಕಸುಬು. ಮದುವೆಗಳಿಲ್ಲದ ಆಷಾಢದಲ್ಲಿ ಕೈ ಖಾಲಿ ಇರಬಾರದೆಂದು ಆನ್‌ಲೈನಿನಲ್ಲಿ ಫೋಟೋ ಮಾರುವುದನ್ನು ಹಿಡಿದುಕೊಂಡೆ. ಗದ್ದೆ, ತೆಂಗಿನ ಸಾಲು, ಕಬ್ಬಿನ ಗಾಡಿ ಇಂಥವನ್ನು ತೆಗೆದು ಒಂದು ವೆಬ್‌ಸೈಟಿಗೆ ಹಾಕುತ್ತೇನೆ. ಜಾಹೀರಾತಿಗೋ ಪುಸ್ತಕಕ್ಕೋ ಬೇಕಾದವರು ಎಲ್ಲಿಂದಲೋ ಹಣ ಕಟ್ಟಿ ಇಳಿಸಿಕೊಳ್ಳುತ್ತಾರೆ. ಒಂದಕ್ಕೆ ಇಪ್ಪತ್ತು ರೂಪಾಯಿ, ಮೂವತ್ತು ರೂಪಾಯಿ ಸಿಗುತ್ತದೆ.

ಹೊನ್ನೂರಿನ ಆ ಹೆಂಗಸು ನಾಟಿ ಕೆಲಸದವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ತಲೆಯ ಮೇಲೆ ಪೈರಿನ ಕಟ್ಟು, ಮೊಣಕೈವರೆಗೂ ಕೆಸರು, ಮುಂದಿನ ಒಂದು ಹಲ್ಲಿಲ್ಲದ ಬಾಯಿಯ ತುಂಬ ನಗು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ, 'ಅಕ್ಕಾ, ಮಾರಿದರೆ ನಾಲ್ಕರಲ್ಲಿ ಒಂದು ಪಾಲು ನಿಮಗೆ' ಎಂದಿದ್ದೆ. ಇಪ್ಪತ್ತು ರೂಪಾಯಿಯಲ್ಲಿ ಐದು ರೂಪಾಯಿ ಹೋದರೆ ಹೋಗಲಿ ಎಂಬ ಲೆಕ್ಕ.

ಒಂದು ಬೆಳಿಗ್ಗೆ ನೋಡುತ್ತೇನೆ, ಆ ಫೋಟೋಗೆ ಒಂಬತ್ತು ಸಾವಿರದ ಇನ್ನೂರು ಜಮಾ ಆಗಿದೆ. ಎಷ್ಟು ಪ್ರತಿ ಬೇಕಾದರೂ ಅಚ್ಚು ಹಾಕಿಕೊಳ್ಳುವ ದೊಡ್ಡ ಲೈಸೆನ್ಸು. ವೆಬ್‌ಸೈಟಿನಲ್ಲಿ ಅಂಕಿ ಕಂಡಿತ್ತು ಅಷ್ಟೆ, ಬ್ಯಾಂಕಿಗೆ ಬರಲು ಇನ್ನೂ ಒಂದು ತಿಂಗಳಿತ್ತು. ನಾನು ಕಾಯಲಿಲ್ಲ. ಅವತ್ತೇ ಹೊನ್ನೂರಿಗೆ ಹೋಗಿ, ಜಗಲಿಯ ಮೇಲೆ ಹತ್ತು ಜನ ಹೆಂಗಸರು ನೋಡುವಂತೆ, ಎಲೆ ಅಡಿಕೆಯ ಜೊತೆ ಎರಡು ಸಾವಿರದ ಮುನ್ನೂರು ಕೊಟ್ಟೆ. ಧರ್ಮಕ್ಕೆ ಕೊಟ್ಟದ್ದಲ್ಲ. ನಾಳೆ ಆ ಹತ್ತು ಜನವೂ ನನ್ನ ಕ್ಯಾಮೆರಾದ ಮುಂದೆ ನಿಲ್ಲಲಿ ಎಂಬ ವ್ಯಾಪಾರದ ಬುದ್ಧಿ. ವಾಪಸ್ಸು ಬರುವ ದಾರಿಯಲ್ಲೇ ಲೆನ್ಸಿಗೂ ಮುಂಗಡ ಕಳಿಸಿದೆ.

ಹನ್ನೆರಡನೆಯ ದಿನ ಆ ಒಂಬತ್ತು ಸಾವಿರ ಮಾಯವಾಯಿತು. 'ಮಾರಾಟ ರದ್ದಾಗಿದೆ, ಹಣ ಹಿಂದಿರುಗಿಸಲಾಗಿದೆ' ಎಂಬ ಒಂದೇ ಸಾಲು. ಖಾತೆಯಲ್ಲಿ ಹಳೆಯ ನಾನೂರು ಚಿಲ್ಲರೆ ಮಾತ್ರ. ಫೋನು ಆರಿಸಿ ಹಚ್ಚಿದೆ. ಒಳಗೆ ಹೋಗಿ ಹೊರಗೆ ಬಂದೆ. ಪಾಸ್‌ಪೋರ್ಟ್ ಸೈಜಿಗೆ ಬಂದ ಗಿರಾಕಿಯನ್ನು ಎರಡು ಸಲ ಒಂದೇ ಕುರ್ಚಿಗೆ ಕೂರಿಸಿ ಎಬ್ಬಿಸಿದೆ. ಲೆನ್ಸಿನವನು ಮುಂಗಡ ಹಿಂದಕ್ಕೆ ಕೊಡುವುದಿಲ್ಲ ಎಂದ. ಕೊಟ್ಟ ಪಾಲನ್ನಾದರೂ ಈಸಿಕೊಳ್ಳೋಣವೆಂದು ಹೊನ್ನೂರಿನ ಕಡೆ ಬೈಕು ತಿರುಗಿಸಿದೆ.

ಜಗಲಿಯಲ್ಲಿ ಅವರೂ ಪಕ್ಕದ ಮನೆಯ ಹೆಂಗಸೂ ಅವರೆಕಾಯಿ ಬಿಡಿಸುತ್ತಿದ್ದರು. ಹಣ ಕೇಳುವುದನ್ನು ನಾನು ಸುತ್ತಿ ಬಳಸಿ ಹೇಳಿದೆ. 'ಅಕ್ಕಾ, ಆ ಫೋಟೋ ವಾಪಸ್ ಬಂತು.'

ಅವರ ಕೈ ನಿಂತಿತು. 'ವಾಪಸ್ಸಾ? ಯಾಕಂತೆ?'

'ಗೊತ್ತಿಲ್ಲ ಅಕ್ಕಾ. ದುಡ್ಡು ಹಿಂದಕ್ಕೆ ತಗೊಂಡರು.'

ಪಕ್ಕದ ಮನೆಯವರಿಗೆ ಅಷ್ಟೇ ಸಾಕಾಯಿತು. 'ನಾನ್ ಅವತ್ತೇ ಏಳ್ನಿಲ್ವಾ? ಒಂದ್ ಅಲ್ಲು ಇಲ್ದೆ ಇರೋ ಬಾಯ್ನ ಅಷ್ಟಗ್ಲ ತಗುದ್ರೆ ಯಾರ್ ಇಟ್ಕಂಡಾರು!'

'ನೀ ಸುಮ್ಕಿರವ್ವ' ಎಂದು ಅಕ್ಕ ಅವರನ್ನು ಗದರಿ, ನನ್ನ ಕಡೆ ತಿರುಗಿದರು. 'ನೋಡಪ್ಪ, ನಾ ಮದ್ವೆಗಿದ್ದಾಗ ಬಂಡಳ್ಳಿ ಕಡೆ ಒಬ್ರಿಗೆ ನನ್ ಪೋಟೋ ಕಳ್ಸಿದ್ರು. ವಾಪಸ್ ಬಂತು. ಇನ್ನೊಂದ್ ಕಡೆ ಕಳ್ಸಿದ್ರು. ಅದೂ ವಾಪಸ್ ಬಂತು. ಯಾಕೆ ಅಂತ ಒಬ್ರೂ ಬಾಯ್ ಬುಟ್ ಏಳ್ನಿಲ್ಲ. ಬಣ್ಣ ಅಂತ ನಮ್ಮವ್ವ, ಜಾತ್ಕ ಅಂತ ನಮ್ಮಪ್ಪ. ಇವತ್ತಿಗೂ ನಂಗ್ ಗೊತ್ತಿಲ್ಲ.'

ನಮ್ಮ ಕಡೆ ಹೆಣ್ಣಿನ ಫೋಟೋ ಗಂಡಿನ ಮನೆಯಿಂದ ಹಿಂದಕ್ಕೆ ಬಂತೆಂದರೆ ಅರ್ಥವೇನೆಂದು ಎಲ್ಲರಿಗೂ ಗೊತ್ತು. ಅಂಥ ಎಷ್ಟೋ ಫೋಟೋ ನನ್ನ ಸ್ಟುಡಿಯೋದಲ್ಲೇ ತೆಗೆದದ್ದು. ಆದರೂ ಆ ಜಗಲಿಯಲ್ಲಿ ನಿಂತು 'ವಾಪಸ್ ಬಂತು' ಎನ್ನುವಾಗ ಅದು ನನಗೆ ಹೊಳೆದಿರಲಿಲ್ಲ.

ಅವರು ಒಳಗೆ ಹೋಗಿ ನೋಟುಗಳನ್ನು ತಂದರು. ಒಂದೂ ಖರ್ಚಾಗಿರಲಿಲ್ಲ. ನಾನು ಕೈ ಚಾಚುವಷ್ಟರಲ್ಲಿ ಸೆರಗಿಗೆ ಕಟ್ಟಿಕೊಂಡರು. 'ದುಡ್ ಇಲ್ಲೇ ಅದೆ, ಎಲ್ಲೂ ಓಗಲ್ಲ. ಮೊದ್ಲು ಯಾಕ್ ಬ್ಯಾಡ ಅಂದ್ರು ಅಂತ ಕೇಳ್ಕಂಡ್ ಬಾ. ಆಮೇಲೆ ತಕಂಡೋಗು.'

ಬಾಕಿ ಬರುವವರೆಗೂ ಆಲ್ಬಮ್ ಕೊಡದೆ ನಾನು ಬೇರೆಯವರ ಮೇಲೆ ಹಾಕುವ ಪಟ್ಟನ್ನು ನನ್ನ ಮೇಲೇ ಹಾಕಿದರು.

ಅಲ್ಲಿಂದ ಮೂರು ವಾರ ನನಗೆ ನೆಮ್ಮದಿಯಿಲ್ಲ. ಕನ್ನಡದಲ್ಲಿ ಹೇಳಿದ್ದನ್ನು ಫೋನಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ವೆಬ್‌ಸೈಟಿನವರಿಗೆ ಬರೆದೆ. 'ನಿಮ್ಮ ಪತ್ರ ತಲುಪಿದೆ' ಎಂದು ಯಂತ್ರ ಉತ್ತರಿಸಿತು. ಮತ್ತೆ ಬರೆದೆ, ಮತ್ತೆ ಅದೇ. ಊಟದ ತಟ್ಟೆಯ ಪಕ್ಕ ಫೋನು, ಸ್ನಾನದ ಮನೆಯ ಕಿಟಕಿಯಲ್ಲಿ ಫೋನು. ನಡುವೆ ಒಂದು ಸಲ ಸುಮ್ಮನೆ ಹೊನ್ನೂರಿಗೆ ಹೋದೆ, 'ಇನ್ನೂ ತಿಳಿಯಲಿಲ್ಲ ಅಕ್ಕಾ' ಎಂದು ಹೇಳುವುದಕ್ಕೆ. ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡುತ್ತಿದ್ದರು. ಮೊದಲು ಹಾಗೆ ಮಾಡುತ್ತಿರಲಿಲ್ಲ. ಎರಡು ಸಾವಿರದ ಮುನ್ನೂರಕ್ಕಿಂತ ಅದೇ ನನ್ನನ್ನು ಹೆಚ್ಚು ಕೊರೆಯಿತು. ಆ ನಗುವನ್ನು ಮಾರಿದವನು ನಾನು, ಮುಚ್ಚಿಸಿದವನೂ ನಾನೇ.

ಐದನೆಯ ಪತ್ರಕ್ಕೆ ಮನುಷ್ಯರು ಬರೆದ ಉತ್ತರ ಬಂತು. ಬಂದದ್ದು ಹನೂರಿನ ಒಂದು ಮದುವೆಯಲ್ಲಿ, ಮುಹೂರ್ತದ ಹೊತ್ತಿಗೇ. ಜೇಬು ನಡುಗಿದ್ದೇ ಕ್ಯಾಮೆರಾ ಇಳಿಸಿ ಫೋನು ತೆಗೆದೆ. ಹೆಣ್ಣಿನ ಸೋದರಮಾವ ಮಂಟಪದಿಂದಲೇ ಕೂಗಿದರು: 'ಸಾ, ಪೋನ್ ಆಮೇಕ್ ನೋಡ್ಕಳಿ ಸಾ, ಇಲ್ಲಿ ತಾಳಿ ಕಟ್ತಾವ್ರೆ! ಇನ್ನೊಂದ್ ಸಲ ಕಟ್ಸಕಾದದಾ?'

ತಾಳಿಯದು ಒಂದೇ ಒಂದು ಫೋಟೋ ಸಿಕ್ಕಿತು, ಪುಣ್ಯಕ್ಕೆ ಚೆನ್ನಾಗಿ ಬಂದಿತ್ತು. ಊಟದ ಪಂಕ್ತಿಯ ಹಿಂದೆ ನಿಂತು ಉತ್ತರ ಓದಿದೆ. ಕೊಂಡವನು ಬೇರೆ ಯಾರದೋ ಕಾರ್ಡಿನಿಂದ ಹಣ ಕಟ್ಟಿದ್ದ. ಕಾರ್ಡಿನ ಯಜಮಾನರು ಬ್ಯಾಂಕಿಗೆ ದೂರು ಕೊಟ್ಟರು, ಬ್ಯಾಂಕು ಹಣ ಹಿಂದಕ್ಕೆ ಎಳೆದುಕೊಂಡಿತು. ಫೋಟೋ ಏನಾಯಿತು? ಅದನ್ನು ಅವನು ಇಳಿಸಿಕೊಂಡಾಗಿತ್ತು.

ಮರುದಿನ ಬೆಳಿಗ್ಗೆಯೇ ಹೊನ್ನೂರು. ಜಗಲಿಯಲ್ಲಿ ಅವರಿಬ್ಬರೂ ಇದ್ದರು. ಕೂರುವ ಮೊದಲೇ ಹೇಳಿದೆ. 'ಅಕ್ಕಾ, ಯಾರೂ ಬೇಡ ಅನ್ನಲಿಲ್ಲ. ಅವನು ಕಳ್ಳ. ಬೇರೆಯವರ ದುಡ್ಡು ತೋರಿಸಿ ನಿಮ್ಮ ಫೋಟೋ ಹೊತ್ತುಕೊಂಡು ಹೋಗಿದ್ದಾನೆ.'

'ಅಂದ್ರೆ, ಪೋಟೋ ವಾಪಸ್ ಬಂದಿಲ್ವಾ?'

'ಇಲ್ಲ. ದುಡ್ಡು ಮಾತ್ರ ಹೋಯಿತು. ಫೋಟೋ ಅವನ ಹತ್ತಿರವೇ ಇದೆ.'

ಅವರು ಬಾಯಿಗೆ ಅಡ್ಡ ಹಿಡಿದಿದ್ದ ಸೆರಗು ಬಿಟ್ಟರು. 'ಕೇಳುಸ್ತಾ?' ಎಂದು ಪಕ್ಕದ ಮನೆಯವರನ್ನು ತಿವಿದರು. 'ಕದ್ಕಂಡ್ ಓಗವ್ನೆ ಕಣೇ! ಬ್ಯಾಡ್ದಿರೋದ್ನ ಯಾರಾದ್ರೂ ಕದ್ದಾರಾ? ಒಂದ್ ಅಲ್ಲು ಇಲ್ದಿರೋ ಬಾಯ್ನೇ ಕದ್ದವ್ನೆ!' ಆ ಫೋಟೋದಲ್ಲಿದ್ದ ನಗುವೇ ಮತ್ತೆ ಬಂತು. ಕ್ಯಾಮೆರಾ ಬೈಕಿನಲ್ಲೇ ಬಿಟ್ಟಿದ್ದೆ.

ನಾನು ಮೆಲ್ಲಗೆ ಹಣದ ಮಾತೆತ್ತಿದೆ. ಅವರು ಸೆರಗಿನ ಗಂಟು ಮುಟ್ಟಿ ನೋಡಿಕೊಂಡರು. 'ಅಲ್ಲಪ್ಪ, ಮಾಲು ನಿನ್ ಸುಪರ್ದಿಲಿತ್ತು. ಕಾವ್ಲುಗಾರ ನೀನು. ಕಳ್ಳ ಬಂದ್ರೆ ಲಾಸು ನಂದಾ, ನಿಂದಾ?'

ಅವರ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಚೌಕಾಸಿ ಮಾಡಿ ಉಳಿಸಿಕೊಂಡದ್ದು ಇಷ್ಟು: ಆ ಹಣ ಮುಂದಿನ ಫೋಟೋಗಳಿಗೆ ಮುಂಗಡ. ನಾನು ಆರು ಫೋಟೋ ಕೇಳಿದೆ, ಅವರು ಎರಡು ಎಂದರು, ಮೂರಕ್ಕೆ ನಿಂತಿತು. ಪಕ್ಕದ ಮನೆಯವರು ನಾಲ್ಕನೆಯದಕ್ಕೆ ತಾವೇ ನಿಲ್ಲುವುದಾಗಿ ಹೇಳಿದರು, ಬಿಟ್ಟಿಗಲ್ಲ.

ನೀವೂ ಈ ವ್ಯಾಪಾರಕ್ಕೆ ಇಳಿಯುವವರಾದರೆ ನನ್ನ ಐದು ಸಾವಿರದ ಐನೂರರ ಪಾಠ ಬಿಟ್ಟಿಯಾಗಿ ತೆಗೆದುಕೊಳ್ಳಿ. ವೆಬ್‌ಸೈಟಿನಲ್ಲಿ ಕಾಣುವ ಅಂಕಿ ನಿಮ್ಮ ಹಣವಲ್ಲ, ಬ್ಯಾಂಕಿಗೆ ಬಿದ್ದದ್ದು ಮಾತ್ರ ನಿಮ್ಮದು. ಬಿದ್ದ ಮೇಲೂ ವೆಬ್‌ಸೈಟಿನವರು ನಿಮ್ಮ ಮುಂದಿನ ಸಂಪಾದನೆಯಲ್ಲಿ ಮುರಿದುಕೊಳ್ಳಬಹುದು, ಆದ್ದರಿಂದ ದೊಡ್ಡ ಮಾರಾಟವಾದರೆ ಎರಡು ತಿಂಗಳು ಅದನ್ನು ಮುಟ್ಟಬೇಡಿ, ಅದನ್ನು ನಂಬಿ ಲೆನ್ಸು ಕೊಳ್ಳಬೇಡಿ. ಫೋಟೋಗೆ ನಿಂತವರಿಗೆ ಪಾಲು ಗೀಲು ಎನ್ನದೆ, ನಿಂತ ದಿನವೇ ಇಷ್ಟು ಎಂದು ಮಾತಾಡಿ ಕೈಗೆ ಕೊಟ್ಟುಬಿಡಿ. ಮಾರಾಟ ರದ್ದಾಗುವುದೂ ಉಂಟು ಎಂಬುದನ್ನು ಸಹಿ ಹಾಕಿಸುವಾಗಲೇ ಹೇಳಿ. ಅಷ್ಟಾಗಿಯೂ ರದ್ದಾದರೆ, ಯಂತ್ರದ ಉತ್ತರಕ್ಕೆ ಸುಮ್ಮನಾಗದೆ ಕಾರಣ ಬರುವವರೆಗೂ ಬರೆಯುತ್ತಿರಿ. ಕಾರಣ ಕೈಗೆ ಸಿಗುವ ಮೊದಲು ಯಾರ ಜಗಲಿಗೂ ಹೋಗಿ 'ನಿಮ್ಮ ಫೋಟೋ ವಾಪಸ್ ಬಂತು' ಎನ್ನಬೇಡಿ.